ಬಿಸಿಯಾದಾಗ ಇಳಿಯುವ ಲಿಫ್ಟು

ಆ ದಿನ ಬೆಳಿಗ್ಗೆ ನಮ್ಮೂರು ಬಳಿಚಕ್ರದಲ್ಲಿ ಕರೆಂಟು ಇರಲಿಲ್ಲ. ಗಿರಣಿಯ ಬೀಸುವ ಕಲ್ಲನ್ನು ಮಗುಚಿ ಹಾಕಿ, ಚಾಣದಿಂದ ಹೊಸ ಗೀರು ಹೊಡೆಯುತ್ತ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮಿಸ್ತ್ರಿಯವರೇನ್ರಿ? ನಾ ದೋರನಹಳ್ಳಿಯಿಂದ ಮಾತಾಡಾಕತ್ತೀನಿ," ಎಂದಿತು ಒಂದು ಹೆಂಗಸಿನ ದನಿ.

ಯಾರಾದರೂ ನನ್ನನ್ನು ಮಿಸ್ತ್ರಿ ಎಂದು ಕರೆದು ನಾಲ್ಕು ವರ್ಷವಾಗಿತ್ತು. ಗಿರಣಿ ನನ್ನ ಹೆಂಡತಿಯ ತವರಿನವರದು. ಹಾಗಾಗಿ ಈ ಊರಿನಲ್ಲಿ ನಾನು 'ಗಿರಣಿ ಅಳಿಯ'. ಆ ಒಂದು ಶಬ್ದಕ್ಕೆ ಚಾಣ ಕೆಳಗಿಟ್ಟು ಎದ್ದು ನಿಂತೆ.

"ಹೇಳ್ರಿ ಅಕ್ಕಾರ."

"ನಮ್ದು ಸಣ್ಣ ಟ್ರ್ಯಾಕ್ಟರ್ ಅದರಿ. ಹಿಂದಿನ ಲಿಫ್ಟ್ ಕೆಟ್ಟದ. ಮುಂಜಾನಿ ಛಲೋ ಎತ್ತತದ, ಮಧ್ಯಾಹ್ನ ಆದ್ರ ಎತ್ತಂಗಿಲ್ಲ. ರೋಟಾವೇಟರ್ ತನ್ನಷ್ಟಕ್ಕ ತಾನೇ ನೆಲಕ್ಕ ಕೂಡ್ತದ. ಹತ್ತಿ ಸಾಲಿನ ತುದಿಗೆ ತಿರಗಸಾಕ ಹೋದ್ರ ಗಿಡಾನೇ ಕಿತ್ಕೊಂಡು ಬರಾಕತ್ತಾವ."

"ಯಾರಿಗರ ತೋರಿಸೀರೇನು?"

"ಶಹಾಪುರದ ಮಿಸ್ತ್ರಿ ಮೂರು ಸಲ ಬಂದು ಹೋಗ್ಯಾರ. ಎಣ್ಣಿ ಬದಲಿ ಮಾಡಿದ್ರು, ಫಿಲ್ಟರ್ ಹಾಕಿದ್ರು, ಪಂಪನೂ ಹೊಸದು ಕೂಡಿಸಿದ್ರು. ನಿನ್ನಿ ಅವರೇ ನಿಮ್ಮ ನಂಬರ್ ಕೊಟ್ಟು, ಲಿಫ್ಟಿನ ಕೆಲಸ ಇವರಂಗ ಯಾರಿಗೂ ಬರಂಗಿಲ್ಲ, ಇವರನ್ನ ಕರೀರಿ ಅಂದ್ರು."

ಯಾವ ಮಿಸ್ತ್ರಿ ಎಂದು ನಾನು ಕೇಳಲಿಲ್ಲ. ನನ್ನ ಬಗ್ಗೆ ಹಾಗೆ ಹೇಳುವವನು ಶಹಾಪುರದಲ್ಲಿ ಒಬ್ಬನೇ ಇದ್ದ.

ಅಲ್ಲಿ ರಸ್ತೆ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ ನಾವಿಬ್ಬರೂ ಹದಿನಾರು ವರ್ಷ ಒಂದೇ ಪೆಟ್ಟಿಗೆಯಿಂದ ಬೋಲ್ಟು ಬಿಗಿಯುವ ಪಾನಾ ಹಿಡಿದು ದುಡಿದವರು. ಎಂಜಿನ್ ಅವನದು, ಲಿಫ್ಟು ನನ್ನದು. ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ಒಬ್ಬರನ್ನೊಬ್ಬರು 'ಲೇ' ಎಂದೇ ಕರೆಯುತ್ತಿದ್ದೆವು. ನಾಲ್ಕು ವರ್ಷದ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ, ಎತ್ತಿ ನಿಲ್ಲಿಸಿದ, ಮಣ್ಣು ಕೊಚ್ಚುವ ರೋಟಾವೇಟರಿನ ಕೆಳಗೆ ಕೈ ಹಾಕಿ ನಾನೊಂದು ಪಿನ್ನು ಜಗ್ಗುತ್ತಿದ್ದೆ. ಅವನು ಸೀಟಿನ ಮೇಲಿದ್ದ. ಪಕ್ಕದ ಅಂಗಡಿಯಲ್ಲಿ ಗ್ರೈಂಡರ್ ಹಚ್ಚಿದ್ದರು. "ಇಳಸಬ್ಯಾಡ," ಎಂದು ನಾನು ಕೂಗಿದೆ. ಆ ಸದ್ದಿನಲ್ಲಿ ಮಾತಿನ ಬಾಲ ಹಾರಿಹೋಗಿ ಅವನಿಗೆ "ಇಳಸು" ಎಂದಷ್ಟೇ ಕೇಳಿತು. ನನ್ನ ಬಲಗೈಯ ನಡುವಿನ ಎರಡು ಬೆರಳು ಹೋದವು.

ಯಾದಗಿರಿಯ ಆಸ್ಪತ್ರೆಗೆ ಅವನು ಎಂಟು ದಿನ ಬಂದ. ತನ್ನ ಅವ್ವನ ಕೈಯಿಂದ ಮಾಡಿಸಿದ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬರುತ್ತಿದ್ದ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಲು ಅವನಿಗೂ ಜಾಗ ಸಿಗುತ್ತಿತ್ತೇನೋ. ಒಂಬತ್ತನೆಯ ದಿನ ಅವನು ಬರಲಿಲ್ಲ. ನಾನೂ ಶೆಡ್ಡಿಗೆ ಮರಳಲಿಲ್ಲ.

ಗಿರಣಿಯಲ್ಲಿ ಊಟಕ್ಕೆ ಕೊರತೆಯಿಲ್ಲ. ಆದರೆ ಊರೊಳಗೆ ಯಾವುದಾದರೂ ಟ್ರ್ಯಾಕ್ಟರ್ ಬಂದರೆ ನನ್ನ ಕಿವಿ ಕಲ್ಲಿನ ಸದ್ದು ಬಿಟ್ಟು ಅದರ ಬೆನ್ನು ಹತ್ತುತ್ತದೆ. ಓಣಿಯ ತಿರುವು ದಾಟಿ ಸದ್ದು ಅಡಗುವ ತನಕ ಹಿಟ್ಟು ಚೆಲ್ಲಿದರೂ ತಿಳಿಯುವುದಿಲ್ಲ. ಕೆಲವು ಸಲ, ಇಲ್ಲದ ಆ ಎರಡು ಬೆರಳುಗಳಿಗೆ ಹದಿನೇಳರ ಪಾನಾದ ತಂಪು ತಾಗಿದಂತಾಗುತ್ತದೆ.

ಹೆಂಡತಿ ಜರಡಿ ಹಿಡಿದು ನಿಂತು ನನ್ನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಏನು ಮಾಡಲಿ ಎಂದು ನಾನು ಕೇಳುವ ಮೊದಲೇ, "ಹೋಗಿ ಬರ್ರಿ," ಎಂದಳು. "ಹೋಗಲಿಲ್ಲಂದ್ರ ಎಂಟು ದಿನ ಮಾತಾಡಲಾರದೆ ಕೂಡ್ತೀರಿ. ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ. ಆದ್ರ ಒಳಗ ಕೈ ಹಾಕೋ ಮುಂದ ಒಂದು ಸಲ ನನ್ನ ನೆನಸ್ರಿ."

ಮರುದಿನ ಮೊದಲ ಬಸ್ಸಿಗೆ ಯಾದಗಿರಿ, ಅಲ್ಲಿಂದ ಭೀಮಾ ಸೇತುವೆ ದಾಟಿ ದೋರನಹಳ್ಳಿ. ಹೊಲ ಊರಿನಿಂದ ಒಂದು ಮೈಲಿ. ಎರಡು ದಿನದ ಹಿಂದೆ ಮಳೆಯಾಗಿ ಎರೆ ಮಣ್ಣು ಹದಕ್ಕೆ ಬಂದಿತ್ತು. ಮೊಣಕಾಲುದ್ದದ ಹತ್ತಿ ಸಾಲುಗಳ ನಡುವೆ ಕಸ ಹತ್ತಿಯ ಎತ್ತರಕ್ಕೇ ಎದ್ದಿತ್ತು. ಎರೆ ಹೊಲದಲ್ಲಿ ಹದ ಮೂರು ನಾಲ್ಕು ದಿನ ಇದ್ದರೆ ಹೆಚ್ಚು. ಒಣಗಿದರೆ ಕಲ್ಲು, ಇನ್ನೊಂದು ಮಳೆ ಬಿದ್ದರೆ ಕೆಸರು. ಊರವರೆಲ್ಲ ಒಂದೇ ಸಲಕ್ಕೆ ಕಸ ತೆಗೆಯುವುದರಿಂದ ಆಳುಗಳೂ ಸಿಗುವುದಿಲ್ಲ.

ಟ್ರ್ಯಾಕ್ಟರಿನ ಒಡತಿಗೆ ಐವತ್ತರ ಹತ್ತಿರದ ವಯಸ್ಸು. ಗಂಡ ಬಸ್ ಕಂಡಕ್ಟರು, ವಾರಕ್ಕೊಮ್ಮೆ ಊರಿಗೆ ಬರುವವರು. ಆರೆಕರೆಯ ಒಕ್ಕಲುತನ ಪೂರಾ ಇವರದೇ. ಎರಡು ವರ್ಷದ ಹಿಂದೆ ರಂಗಂಪೇಟೆಯವರೊಬ್ಬರಿಂದ ಈ ಹಳೆಯ ಟ್ರ್ಯಾಕ್ಟರನ್ನು ಕೊಂಡು, ನಡೆಸುವುದನ್ನು ತಾವೇ ಕಲಿತಿದ್ದರು.

ಶಹಾಪುರದ ನನ್ನ ಹಳೆಯ ಜೊತೆಗಾರ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿಕೊಂಡು ನಿಂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು.

"ಬರ್ರಿ," ಎಂದ. "ಬಸ್ಸು ಲಗೂನ ಸಿಕ್ತೇನ್ರಿ?"

ಹದಿನಾರು ವರ್ಷ 'ಲೇ' ಎಂದ ಬಾಯಿಂದ ಬಂದ ಆ 'ರಿ' ನನಗೆ ಚುಚ್ಚಿತು. ಆದರೆ ನನ್ನ ಬಾಯಿಂದಲೂ ಹೊರಬಿದ್ದದ್ದು, "ಸಿಕ್ತರಿ," ಎಂಬ ಮಾತೇ.

ನಾನು ಹೋಗುವ ಮೊದಲೇ ಅವನು ಲಿಫ್ಟಿನ ಎರಡೂ ಕೆಳತೋಳುಗಳ ಅಡಿಗೆ ದಪ್ಪ ಕಟ್ಟಿಗೆಯ ತುಂಡು ಇಟ್ಟಿದ್ದ. ಎಂಜಿನ್ ಚಾಲೂ ಮಾಡಿ ಎಂದರೆ ತಾನು ಹತ್ತದೆ ಒಡತಿ ಅಕ್ಕನನ್ನು ಹತ್ತಿಸಿದ. ನಾನು ಹಿಂದೆ ಬಗ್ಗಿದಾಗಲೆಲ್ಲ ಅವನು ಸೀಟಿನಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದ.

ಸೀಟಿನ ಕೆಳಗಿನ ಲಿಫ್ಟಿನ ಮುಚ್ಚಳದ ಮೇಲೆ ಮಣ್ಣು ಮೆತ್ತಿಕೊಂಡಿತ್ತು. ಬಟ್ಟೆಯಿಂದ ಒರೆಸುತ್ತಿದ್ದಂತೆ ಬೋಲ್ಟುಗಳ ತಲೆಯ ಮೇಲೆ ಮಾಸಿದ ಕೆಂಪು ಗೀರುಗಳು ಕಂಡವು. ನಾನು ಕೈ ತಡೆದೆ. ಬೋಲ್ಟು ಪೂರಾ ಬಿಗಿದ ಮೇಲೆ ಗುರುತಿಗೆಂದು ಹೆಂಡತಿಯ ಉಗುರು ಬಣ್ಣದಿಂದ ಒಂದು ಗೀರು ಎಳೆಯುವುದು ನನ್ನ ರೂಢಿ. ಶೆಡ್ಡಿಗೆ ಬರುವ ಗಿರಾಕಿಗಳೆಲ್ಲ ಅದಕ್ಕೆ ನಗುತ್ತಿದ್ದರು. ಆಗ ನೆನಪಾಯಿತು, ರಂಗಂಪೇಟೆಯ ಆ ಟ್ರ್ಯಾಕ್ಟರು. ನನ್ನ ಕೈಗೆ ಪೆಟ್ಟು ಬೀಳುವುದಕ್ಕೆ ಒಂದು ತಿಂಗಳು ಮೊದಲು ಅದರ ಲಿಫ್ಟನ್ನು ನಾನೇ ಬಿಚ್ಚಿ ಕೂಡಿಸಿದ್ದೆ.

"ನಿಮ್ಮ ಕೈಯಿಂದೇ ಅದರಿ ಇದು," ಎಂದ ಅವನು ದೂರದಿಂದಲೇ.

ಹತ್ತು ಬೆರಳಿದ್ದ ಕಾಲದ ನನ್ನ ಕೆಲಸ ಅದು. ಅಕ್ಷರ ಕಲಿತ ಶಾಲೆಯ ಗೋಡೆಯನ್ನು ಮುಟ್ಟಿದವನಂತೆ ಆ ಗೀರುಗಳ ಮೇಲೆ ಕೈಯಾಡಿಸಿದೆ.

ಮೊದಲು ಎಣ್ಣೆ. ಅಳತೆಯ ಕಡ್ಡಿ ಎಳೆದು ನೋಡಿದರೆ ಮಟ್ಟ ಸರಿಯಿತ್ತು, ಆದರೆ ಮಜ್ಜಿಗೆ ಕಡೆದಂತೆ ನೊರೆ. ಎಂಜಿನ್ ಏರಿಸಿದಾಗ ಪಂಪಿನಿಂದ ಸೊಳ್ಳೆಯಂಥ ಸಣ್ಣ ಕೂಗು. ಎಣ್ಣೆಯ ಜೊತೆ ಗಾಳಿ ಸೇರುತ್ತಿದೆ ಎಂದಾಯಿತು. ಗಾಳಿ ಎಲ್ಲಿಂದ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಎಂಜಿನ್ ಓಡುತ್ತಿರುವಾಗಲೇ ಪಂಪಿಗೆ ಎಣ್ಣೆ ಎಳೆದು ತರುವ ಕೊಳವೆಯ ಒಂದೊಂದೇ ಕೀಲಿಗೆ ಗ್ರೀಸ್ ಮೆತ್ತುತ್ತ ಹೋಗಬೇಕು. ಪಂಪಿನ ಬಾಯಿಯ ಹತ್ತಿರ ಮೆತ್ತಿದ ಕೂಡಲೇ ಕೂಗು ನಿಂತಿತು.

ಬಿಚ್ಚಿದರೆ ಒಳಗಿನ ರಬ್ಬರ್ ಬಳೆ, ನಾವು ಓರಿಂಗ್ ಅನ್ನುವುದು, ಮಡಚಿ ಕೂತಿತ್ತು.

"ಹೊಸ ಪಂಪ ಕೂಡಿಸೋ ಮುಂದ ನಾನೇ ಮಡಚೀನಿ," ಎಂದು ಅವನು ತಲೆ ತಗ್ಗಿಸಿದ.

"ಆಗ್ತದ ಬಿಡ್ರಿ," ಎಂದೆ. ಹಳೆಯ ದಿನವಾಗಿದ್ದರೆ ಸಂಜೆಯ ತನಕ ಕಾಡಿಸುತ್ತಿದ್ದೆ.

ಬೇರೆ ಓರಿಂಗ್ ಹಾಕಿದೆವು. ಸ್ವಲ್ಪ ಹೊತ್ತಿಗೆ ನೊರೆ ಇಳಿಯಿತು. ರೋಟಾವೇಟರು ಸರಕ್ಕನೆ ಎದ್ದಿತು. ಅಕ್ಕ ಖುಷಿಯಿಂದ ಹೊಲಕ್ಕೆ ಇಳಿದರು. ನಾಲ್ಕು ಸಾಲು ಚೆನ್ನಾಗಿ ಹೋಯಿತು, ಆರು ಹೋಯಿತು, ಹತ್ತು ಹೋಯಿತು. ಬಿಸಿಲು ನೆತ್ತಿಗೆ ಬಂದಾಗ ಸಾಲಿನ ತುದಿಯಲ್ಲಿ ಎತ್ತಿದ ರೋಟಾವೇಟರು ಬಿಕ್ಕಳಿಸತೊಡಗಿತು. ಒಂದು ಬೆರಳು ಇಳಿಯುವುದು, ಜಗ್ಗನೆ ಏರುವುದು, ಮತ್ತೆ ಇಳಿಯುವುದು. ಹನ್ನೆರಡನೆಯ ಸಾಲಿಗೆ ಅದು ಎದ್ದೇಳಲೇ ಇಲ್ಲ. ತಿರುವಿನಲ್ಲಿ ಆರೇಳು ಹತ್ತಿ ಗಿಡ ಬೇರು ಮೇಲಾಗಿ ಬಿದ್ದವು.

ಅಕ್ಕ ಇಳಿದು ಬಂದು ಆ ಗಿಡಗಳನ್ನು ಎತ್ತಿ ಬದುವಿನ ಮೇಲಿಟ್ಟರು. "ನಾಡಿದ್ದು ಮಳಿ ಅದ ಅಂತ ಮೊಬೈಲಿನ್ಯಾಗ ತೋರ್ಸಾಕತ್ತದ. ಈ ಹದ ತಪ್ಪಿದ್ರ ಕಸಾನೇ ಹತ್ತಿ ತಿಂತದರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನಮಗೆ ಹೆಚ್ಚು ಭಾರವಾಯಿತು.

ಸಂಜೆ ಬರಿಗೈಯಲ್ಲಿ ಬಳಿಚಕ್ರಕ್ಕೆ ಮರಳಿದೆ. ಹೆಂಡತಿ ನನ್ನ ಅಂಗಿಯ ತೋಳಿಗೆ ಹತ್ತಿದ್ದ ಎಣ್ಣೆಯ ವಾಸನೆ ನೋಡಿ, ಒಗೆಯಲು ಹಾಕದೆ ಗೂಟಕ್ಕೇ ತೂಗುಹಾಕಿದಳು.

ಎರಡನೆಯ ದಿನ ನಾನು ಹೊಲ ತಲುಪುವಷ್ಟರಲ್ಲಿ ಅವನು ಆಗಲೇ ಒಂದು ಪರೀಕ್ಷೆ ಮಾಡಿ ಮುಗಿಸಿದ್ದ. ಸೀಟಿನ ಮುಂದೆ ಒಂದು ಗುಂಡು ತಿರುಪು ಇರುತ್ತದೆ. ಲಿಫ್ಟು ಎಷ್ಟು ಬೇಗ ಇಳಿಯಬೇಕೆಂದು ಹೊಂದಿಸುವುದು. ಅದನ್ನು ಪೂರಾ ಮುಚ್ಚಿದರೆ ಲಿಫ್ಟನ್ನು ಎತ್ತಿ ಹಿಡಿಯುವ ಸಿಲಿಂಡರಿನಿಂದ ಎಣ್ಣೆ ಹೊರಬರುವ ದಾರಿಯೇ ಬಂದ್. ಲಿಫ್ಟನ್ನು ಎತ್ತಿ, ತಿರುಪು ಮುಚ್ಚಿ, ಎಂಜಿನ್ ಆರಿಸಿ ಕಾಯಬೇಕು. ಆಗಲೂ ಇಳಿದರೆ ಸೋರಿಕೆ ಸಿಲಿಂಡರಿನೊಳಗೇ ಇದೆ. ಇಳಿಯದೆ ನಿಂತರೆ ಅದರಾಚೆಯ ಕಂಟ್ರೋಲ್ ವಾಲ್ವಿನಲ್ಲಿದೆ.

"ಅರ್ಧ ತಾಸು ನಿಂತದರಿ, ಕೂದಲೆಳಿಯಷ್ಟು ಇಳದಿಲ್ಲ," ಎಂದು ಅವನು ತೋಳಿನ ಮೇಲಿನ ಸುಣ್ಣದ ಗೆರೆ ತೋರಿಸಿದ. "ಸಿಲಿಂಡರ್ ಛಲೋ ಅದ. ಕೆಟ್ಟಿದ್ದು ವಾಲ್ವ್. ನಾ ಈಗ್ಲೇ ಕಲಬುರಗಿಗೆ ಹೋಗಿ ತರ್ತೀನಿ."

ಅವನು ಬೈಕಿಗೆ ಕಾಲು ಹಾಕಿದ. ಸಿಲಿಂಡರ್ ಒಳ್ಳೆಯದಿದೆ ಎಂದು ಕೇಳಿ ನನಗೆ ಒಂದು ಸಮಾಧಾನವಾಯಿತು, ಏಕೆಂದರೆ ಸಿಲಿಂಡರ್ ಕೂಡಿಸಿದವನು ನಾನು. ಆ ಸಮಾಧಾನದ ಮೇಲೆಯೇ ನನಗೆ ಸಂಶಯ ಬಂತು. ಬೆಳಿಗ್ಗೆ ತಣ್ಣಗಿರುವಾಗ ಈ ಲಿಫ್ಟು ತಿರುಪು ಮುಚ್ಚದಿದ್ದರೂ ನಿಲ್ಲುತ್ತಿತ್ತಲ್ಲ?

"ತಡೀರಿ," ಎಂದೆ. "ರೋಗ ಬರೋದು ಮಧ್ಯಾಹ್ನ, ನಾವು ಮುಂಜಾನಿ ನಾಡಿ ಹಿಡದೀವಿ. ಬಿಸಿ ಆಗ್ಲಿ. ಆಮ್ಯಾಲ ನೋಡೋಣು."

"ಮಧ್ಯಾಹ್ನತನ ಕಾದ್ರ ಇವತ್ತು ವಾಲ್ವ್ ಸಿಗಂಗಿಲ್ಲರಿ."

"ಗಲತ್ ವಾಲ್ವ್ ತಂದು ಏನು ಮಾಡೋದು?"

ಅವನು ನನ್ನನ್ನು ನೋಡಿದ, ಬೈಕಿನಿಂದ ಇಳಿದ. ಅಕ್ಕ ಬಿತ್ತದೆ ಬಿಟ್ಟಿದ್ದ ಒಂದು ತುಂಡು ನೆಲದಲ್ಲಿ ರೋಟಾವೇಟರು ಹಾಕಿ ಓಡಿಸುತ್ತಲೇ ಇದ್ದರು. ಮೂರು ತಾಸು ನಾವಿಬ್ಬರೂ ಬೇವಿನ ನೆರಳಿನಲ್ಲಿ ಕೂತೆವು. ಅವನ ಮಗಳು ಎಷ್ಟನೆಯ ಇಯತ್ತೆ ಎಂದು ನಾನು ಕೇಳಬಹುದಿತ್ತು. ಅವ್ವ ಹೇಗಿದ್ದಾಳೆ ಎಂದೂ ಕೇಳಬಹುದಿತ್ತು. ಎಣ್ಣೆ ಎಷ್ಟು ಬಿಸಿಯಾಗಿರಬಹುದು ಎಂಬುದನ್ನು ಮಾತ್ರ ಮಾತಾಡಿದೆವು.

ಲಿಫ್ಟಿನ ಮೈ ಮುಟ್ಟಲಾಗದಷ್ಟು ಕಾದ ಮೇಲೆ ಪರೀಕ್ಷೆ ಮಾಡಿದೆವು. ತಿರುಪು ತೆರೆದಿಟ್ಟು ಎಂಜಿನ್ ಆರಿಸಿದಾಗ, ಒಂದು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ರೋಟಾವೇಟರು ಕಟ್ಟಿಗೆಯ ಮೇಲೆ ಬಂದು ಕೂತಿತು. ಎರಡನೆಯ ಸಲ ತಿರುಪು ಮುಚ್ಚಿದೆವು. ಸುಣ್ಣದ ಗೆರೆ ಅದೇ ವೇಗದಲ್ಲಿ ಕೆಳಗೆ ಸರಿಯಿತು. ತಿರುಪೇ ಸವೆದಿರಬಹುದೆಂದು ಬಿಚ್ಚಿ ನೋಡಿದೆವು, ಅದರ ಮೂತಿ ಹೊಳೆಯುತ್ತಿತ್ತು. ದಾರಿ ಮುಚ್ಚಿದರೂ ಎಣ್ಣೆ ಹೋಗುತ್ತಿದೆ ಎಂದರೆ ಪಿಸ್ಟನ್ನಿನ ಮಗ್ಗುಲಿನಿಂದಲೇ ಹೋಗುತ್ತಿರಬೇಕು. ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ ಮಾತ್ರ ತೂರಿಕೊಳ್ಳುವಷ್ಟು ಸಂದು.

"ಸಿಲಿಂಡರ್," ಎಂದೆ.

ಅವನು ಕೆಂಪು ಗೀರುಗಳ ಕಡೆ ಬೆರಳು ತೋರಿಸಿದ. "ಮೂರು ಸಲ ಬಂದೀನ್ರಿ ನಾ. ಮೂರೂ ಸಲ ಇವನ್ನ ನೋಡೀನಿ. ನೀವು ಕೂಡಿಸಿದ್ದು ತಪ್ಪಿರಂಗಿಲ್ಲ ಅಂತ ಇದೊಂದು ಬಿಟ್ಟು ಎಲ್ಲಾ ಬಿಚ್ಚಿದೆ."

ನಾನು ಬಟ್ಟೆಯಿಂದ ಕೈ ಒರೆಸಿಕೊಂಡೆ. ಕೆಲಸದ ಮಾತಿಗೆ ತಿರುಗಿದೆ. "ಹೊಲದಾಗ ಬಿಚ್ಚಿದ್ರ ಮಣ್ಣು ಬೀಳ್ತದ. ಶಹಾಪುರಕ್ಕ ಶೆಡ್ಡಿಗೆ ಒಯ್ಯೋಣೇನು?"

"ಶೆಡ್ ಎಲ್ಲದರಿ?" ಎಂದ. "ಎರಡು ವರ್ಷ ಆತು, ಜಾಗದವ್ರು ಬಿಡಿಸಿದ್ರು. ಒಬ್ಬಾವಗ ಅಷ್ಟು ದೊಡ್ಡದು ಯಾಕ ಬೇಕಂತ ನಾನೂ ಸುಮ್ನಾದೆ. ಈಗ ಈ ಬೈಕಿನ ಚೀಲಾನೇ ಅಂಗಡಿ."

ನಾಲ್ಕು ವರ್ಷ ನಾನು ಮನಸ್ಸಿನಲ್ಲೇ ದಿನಾ ಬೆಳಿಗ್ಗೆ ಆ ಶೆಡ್ಡಿನ ಬಾಗಿಲು ತೆಗೆದಿದ್ದೆ, ಕಸ ಹೊಡೆದಿದ್ದೆ, ಪಾನಾಗಳನ್ನು ನಂಬರಿನ ಪ್ರಕಾರ ಗೋಡೆಗೆ ತೂಗುಹಾಕಿದ್ದೆ. ಆ ಗೋಡೆ ಇಲ್ಲವಾಗಿಯೇ ಎರಡು ವರ್ಷ ಕಳೆದಿತ್ತು.

ಕೊನೆಗೆ ಅಕ್ಕನೇ ದಾರಿ ಹೇಳಿದರು. ಊರೊಳಗಿನ ಅವರ ದನದ ಕೊಟ್ಟಿಗೆಗೆ ಟ್ರ್ಯಾಕ್ಟರ್ ಒಯ್ದೆವು. ಅವರು ದನಗಳನ್ನು ಹೊರಗೆ ಕಟ್ಟಿ, ನೆಲ ತೊಳೆದು, ಗಾಳಿ ಬರುವ ಕಡೆ ಎರಡು ಚಾದರ ಇಳಿಬಿಟ್ಟರು. ಸೀಟು ತೆಗೆದು, ತೋಳುಗಳನ್ನು ಬಿಚ್ಚಿ, ಕೆಂಪು ಗೀರಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆವು. ತೊಲೆಗೆ ಚೈನು ಹಾಕಿ ಮುಚ್ಚಳ ಎತ್ತಿ, ಮಗ್ಗುಲಾಗಿ ಹಲಗೆಯ ಮೇಲೆ ಇಳಿಸಿದೆವು. ಸಿಲಿಂಡರಿನ ತೂತಿಗೆ ಸೈಕಲ್ ಪಂಪು ಹಿಡಿದು ಅವನು ಗಾಳಿ ಒತ್ತಿದ. ನಾನು ಸಿಲಿಂಡರಿನ ಬಾಯಿಗೆ ಬಟ್ಟೆ ಹಿಡಿದೆ. ಪಿಸ್ಟನ್ನು ನಿಧಾನವಾಗಿ ಹೊರಬಂದು ನನ್ನ ಎಡಗೈಯಲ್ಲಿ ಕೂತಿತು.

ನೋಡಿದ ಕೂಡಲೇ ತಿಳಿಯಿತು. ಪಿಸ್ಟನ್ನಿನ ಸುತ್ತಲಿನ ತೋಡಿನಲ್ಲಿ ಒಂದು ಕರಿ ರಬ್ಬರ್ ಬಳೆ, ಅದರ ಬೆನ್ನಿಗೆ ಆಸರೆಯಾಗಿ ಒಂದು ತೆಳುವಾದ ಬಿಳಿ ಪಟ್ಟಿ ಇರುತ್ತದೆ. ಎಣ್ಣೆ ನೂಕುವ ಕಡೆಗೆ ರಬ್ಬರು, ಅದರ ಹಿಂದೆ ಪಟ್ಟಿ. ಆಗ ರಬ್ಬರು ನೂಕುವಿಕೆಗೆ ಸಂದಿನೊಳಗೆ ಹಿಂಡಿಕೊಳ್ಳುವುದಿಲ್ಲ. ಇಲ್ಲಿ ಪಟ್ಟಿ ಮುಂದೆ ಇತ್ತು, ರಬ್ಬರು ಹಿಂದೆ. ಆಸರೆಯಿಲ್ಲದ ರಬ್ಬರನ್ನು ಸಂದು ಇಲಿಯಂತೆ ಕಡಿದಿತ್ತು. ಇಷ್ಟು ವರ್ಷ ತಡೆದದ್ದೇ ದೊಡ್ಡದು.

ಹತ್ತು ಬೆರಳಿದ್ದಾಗ ಮಾಡಿದ ಕೆಲಸ. ಅವಸರವಿತ್ತೋ, ಮಾತಾಡುತ್ತ ಕೂಡಿಸಿದೆನೋ, ನೆನಪಿಲ್ಲ. ಆ ಕಾಲದಲ್ಲಿ ನನ್ನ ಕೈ ತಪ್ಪುತ್ತಲೇ ಇರಲಿಲ್ಲ ಎಂದುಕೊಂಡೇ ನಾಲ್ಕು ವರ್ಷ ಅದಕ್ಕಾಗಿ ಹಂಬಲಿಸಿದ್ದೆ.

"ಇದು ನಂದು ತಪ್ಪು," ಎಂದೆ.

ಅವನು ಪಿಸ್ಟನ್ ಇಸಿದುಕೊಂಡು ಬೆಳಕಿಗೆ ಹಿಡಿದ. ಈ ಮಾತು ಇಲ್ಲಿಗೇ ನಿಂತರೆ ಇನ್ನು ಸಾಯುವ ತನಕ ಉಳಿದದ್ದು ಆಡಲಾರೆ ಅನ್ನಿಸಿತು.

"ಇದೊಂದೇ ಅಲ್ಲ," ಎಂದೆ. "ಅವತ್ತು ಕೆಳಗ ಕಟ್ಟಿಗಿ ಇಡಲಾರದೆ ಕೈ ಹಾಕಿದವ ನಾನು. ಇಡು, ಇಡು ಅಂತ ಹದಿನಾರು ವರ್ಷ ನಿನಗ ಹೇಳಿದವನೂ ನಾನೇ. ಕಟ್ಟಿಗಿ ಇದ್ದಿದ್ರ ನೀ ಇಳಸಿದ್ರೂ ಏನೂ ಆಗ್ತಿರಲಿಲ್ಲ. ದವಾಖಾನ್ಯಾಗ ಮಕ್ಕೊಂಡಾಗೂ ಇದು ನನಗ ಗೊತ್ತಿತ್ತು."

ಅವನು ಪಿಸ್ಟನ್ನನ್ನು ಒರೆಸುತ್ತಲೇ ಇದ್ದ. ಅದು ಆಗಲೇ ಸ್ವಚ್ಛವಾಗಿತ್ತು. ಆಮೇಲೆ ತಲೆ ಎತ್ತಿದಾಗ ಅವನ ಕಣ್ಣಲ್ಲಿದ್ದದ್ದು ಸಿಟ್ಟು.

"ಲೇ, ಇಷ್ಟು ಹೇಳಾಕ ನಾಲ್ಕು ವರ್ಷ ಬೇಕಾತೇನೋ ನಿನಗ?" ಎಂದ. "ನನ್ನ ಕಿವಿ ಕೆಟ್ಟಾವ ಅಂತ ಕಲಬುರಗಿತನ ಹೋಗಿ ತೋರಿಸಿ ಬಂದೀನಿ. ಮಷಿನ್ ಹಚ್ಚಿ ನೋಡಿ, ಎರಡೂ ಕಿವಿ ಛಲೋ ಅವ ಅಂದ್ರು ಡಾಕ್ಟರು. ಕಿವುಡ ಇದ್ದೀ ಅಂದಿದ್ರ ಎಷ್ಟೋ ಹಗುರಾಗ್ತಿತ್ತು ನನಗ. ಕಿವಿ ಛಲೋ ಇದ್ದು ಹೆಂಗ ಕೇಳಲಿಲ್ಲ ಅಂತ ಆವತ್ತಿಂದ ದಿನಾ..."

ಅಕ್ಕ ಚಹಾದ ತಾಟು ಹಿಡಿದು ಚಾದರ ಸರಿಸಿ ಒಳಗೆ ಬಂದವರು, ನಮ್ಮಿಬ್ಬರನ್ನೂ ನೋಡಿ, ತಾಟನ್ನು ಮೇವು ಹಾಕುವ ಗ್ವಾದಲಿಯ ಮೇಲಿಟ್ಟು ಸದ್ದಿಲ್ಲದೆ ಹೊರಗೆ ಹೋದರು. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ, ಬಲಗೈಯನ್ನೇ. ಅವನು ಅದನ್ನು ಸರಿಸಲಿಲ್ಲ. ಚಹಾ ಆರಿಹೋಗಿತ್ತು, ಹಾಗೇ ಕುಡಿದೆವು.

ಶಹಾಪುರಕ್ಕೆ ಹೋಗಿ ಅವನು ರಬ್ಬರು, ಪಟ್ಟಿ ತಂದ. ಸಿಲಿಂಡರಿನ ಒಳಮೈಗೆ ಉಗುರು ಸಿಗುವಂಥ ಗೀರೇನೂ ಇರಲಿಲ್ಲ, ಅದು ನಮ್ಮ ಪುಣ್ಯ. ಹೊಸ ರಬ್ಬರನ್ನು ತೋಡಿನೊಳಗೆ ಒತ್ತಿ ಕೂಡಿಸಲು ನಡುವಿನ ಬೆರಳುಗಳು ಬೇಕು. ನಾನು ಎರಡು ಸಲ ಯತ್ನಿಸಿದೆ, ಎರಡೂ ಸಲ ಜಾರಿತು. ಅವನು ಕೇಳದೆಯೇ ತೆಗೆದುಕೊಂಡ.

"ಎಣ್ಣಿ ಕಡಿ ರಬ್ಬರ್, ಬೆನ್ನ ಕಡಿ ಬಿಳಿದು. ಹೌದಿಲ್ಲೋ?"

"ಹೌದು."

"ಇನ್ನೊಮ್ಮ ನೋಡಿ ಹೇಳು. ನಿನ್ನ ಮ್ಯಾಲ ಈಗ ಭರವಸಿ ಇಲ್ಲ," ಎಂದ. ಬಾಯಿಯ ಒಂದು ಮೂಲೆಯಲ್ಲಿ ನಗುವಿತ್ತು.

ಕತ್ತಲಾಗುವ ಮೊದಲು ಮುಚ್ಚಳ ಕೂಡಿಸಿದೆವು. ಆ ರಾತ್ರಿ ಇಬ್ಬರೂ ಅಕ್ಕನ ಪಡಸಾಲೆಯಲ್ಲೇ ಮಲಗಿದೆವು.

ಮೂರನೆಯ ದಿನ ಉಳಿದದ್ದು ಒಂದೇ ಕೆಲಸ. ಲಿಫ್ಟಿನ ಹಿಡಿಕೆ ಎಷ್ಟು ಎಳೆದರೆ ತೋಳು ಎಷ್ಟು ಏರಬೇಕೆಂದು ಹಿಂದಿನ ಒಂದು ಸಣ್ಣ ಸರಳಿನಿಂದ ಹೊಂದಿಸಬೇಕು. ಒಬ್ಬರು ಸೀಟಿನ ಮೇಲೆ ಕೂತು ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸುತ್ತಿರಬೇಕು, ಇನ್ನೊಬ್ಬರು ಹಿಂದೆ ಬಗ್ಗಿ ಸರಳು ತಿರುವಬೇಕು.

"ಅಕ್ಕಾರಿಗೆ ಹತ್ತಾಕ ಹೇಳ್ತೀನಿ," ಎಂದು ಅವನು ಹೊರಟ.

"ಅವರಿಗೆ ಅಷ್ಟು ಸಣ್ಣಗ ಎತ್ತಾಕ ಬರಂಗಿಲ್ಲ," ಎಂದೆ. "ನೀ ಹತ್ತು."

ಅವನು ನಿಂತಲ್ಲೇ ನಿಂತ. ನಾನು ಕಟ್ಟಿಗೆಯ ತುಂಡುಗಳನ್ನು ಎರಡೂ ತೋಳಿನ ಅಡಿಗೆ ಸೇರಿಸಿದೆ. ಅವನು ಬಂದು ಬಗ್ಗಿ ನೋಡಿ, ಒಂದೊಂದನ್ನೂ ಕಾಲಿನಿಂದ ಒದ್ದು ನೋಡಿದ. ಆಮೇಲೆ ಸೀಟು ಹತ್ತಿ, ಮೈ ಪೂರ್ತಿ ಹಿಂದಕ್ಕೆ ತಿರುಗಿಸಿ ಕೂತ.

"ಬಾಯಿಲೆ ಹೇಳಬ್ಯಾಡ," ಎಂದ. "ಕೈ ಎತ್ತಿದ್ರ ಎತ್ತತೀನಿ. ನಿನ್ನ ಎರಡೂ ಕೈ ನನಗ ಕಾಣಲಿಲ್ಲಂದ್ರ ಮುಟ್ಟಂಗಿಲ್ಲ."

ನಾನು ಹೆಂಡತಿಯನ್ನು ನೆನೆಸಿಕೊಂಡು ಒಳಗೆ ಕೈ ಹಾಕಿದೆ. ಸರಳು ಅರ್ಧ ಸುತ್ತು ತಿರುವಿ, ಕೈ ಹೊರಗೆ ತೆಗೆದು, ಎರಡನ್ನೂ ಮೇಲೆತ್ತಿ ತೋರಿಸಿದೆ. ಬಲಗೈಯಲ್ಲಿ ಮೂರೇ ಬೆರಳು. ಅವನ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಅವನು ನನ್ನ ಎರಡೂ ಕೈ ನೋಡಿ ಹಿಡಿಕೆ ಸರಿಸಿದ, ತೋಳು ಹೇಳಿದಷ್ಟೇ ಏರಿತು. ಮತ್ತೆ ಅರ್ಧ ಸುತ್ತು, ಮತ್ತೆ ಎರಡು ಕೈ. ಹೀಗೆ ಏಳು ಸಲ. ಏಳನೆಯ ಸಲಕ್ಕೆ ಅವನ ಬೆವರು ಆರಿತ್ತು.

ಅಕ್ಕ ಹೊಲಕ್ಕೆ ಇಳಿದರು. ಈ ಸಲ ನಾವು ಖುಷಿಪಡಲಿಲ್ಲ, ಬಿಸಿಯಾಗಲಿ ಎಂದು ಕಾದೆವು. ಮಧ್ಯಾಹ್ನ ಲಿಫ್ಟಿನ ಮೈ ಕಾದು ಮುಟ್ಟಲಾಗದಂತಾಯಿತು. ರೋಟಾವೇಟರು ಎತ್ತಿ ಎಂಜಿನ್ ಆರಿಸಿ ಸುಣ್ಣದ ಗೆರೆ ಹಾಕಿದೆವು. ಬುತ್ತಿ ಬಿಚ್ಚಿ ಉಂಡು, ಕೈ ತೊಳೆದು ಬಂದು ನೋಡಿದರೆ ಗೆರೆ ಇದ್ದಲ್ಲೇ ಇತ್ತು. ಅಕ್ಕ ಮತ್ತೆ ಸಾಲು ಹಿಡಿದರು. ಒಂದೊಂದು ತುದಿಯಲ್ಲೂ ರೋಟಾವೇಟರು ಮೆಲ್ಲಗೆ ಎದ್ದು, ತಿರುಗಿ, ಮುಂದಿನ ಸಾಲಿಗೆ ಇಳಿಯುತ್ತಿತ್ತು. ಒಂದು ಗಿಡವೂ ಅಲುಗಲಿಲ್ಲ.

"ಕೂಸಿನ ಎತ್ತಿಕೊಂಡಂಗ ಎತ್ತಾಕತ್ತದರಿ," ಎಂದು ಅವರು ಸೀಟಿನಿಂದಲೇ ಕೂಗಿದರು. ಮುಗಿಲು ಪಡುವಣದಲ್ಲಿ ಕಟ್ಟುತ್ತಿತ್ತು. ಸಂಜೆಯೊಳಗೆ ಮುಗಿಯುವ ಕೆಲಸ ಅದು, ನಾವು ಇರಬೇಕಾದ ಅಗತ್ಯವಿರಲಿಲ್ಲ.

ರಸ್ತೆಗೆ ಬಂದಾಗ ನನ್ನ ಊರಿನ ದಾರಿ ಬಲಕ್ಕಿತ್ತು. ಬೈಕು ಎಡಕ್ಕೆ, ಶಹಾಪುರದ ಕಡೆ ತಿರುಗಿತು. ಹಿಂದೆ ಕೂತ ನಾನು ಅವನ ಹೆಗಲು ಹಿಡಿದುಕೊಂಡೆ.

ಶೆಡ್ಡಿದ್ದ ಜಾಗದಲ್ಲಿ ಟೈಲ್ಸಿನ ಅಂಗಡಿಯಾಗಿತ್ತು. ಗಾಜಿನ ಹಿಂದೆ ಹೂಬಳ್ಳಿಯ ಚಿತ್ರವಿದ್ದ ಬಚ್ಚಲುಮನೆಯ ಟೈಲ್ಸು ನಿಲ್ಲಿಸಿದ್ದರು. ಎಣ್ಣೆ ಕುಡಿದು ಕರಿಯಾಗಿದ್ದ ನಮ್ಮ ನೆಲ ಆ ಹೊಳಪಿನ ಅಡಿಯಲ್ಲಿ ಎಲ್ಲೋ ಇತ್ತು. ಬೈಕಿನ ಮೇಲೆ ಕೂತೇ ಸ್ವಲ್ಪ ಹೊತ್ತು ನೋಡಿ, ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು.

"ಗಿರಣಿ ಹೆಂಗ ನಡದದ?" ಎಂದು ಕೇಳಿದ.

"ನಡದದ. ಮಾವಗ ವಯಸ್ಸಾತು, ಆಕಿ ಒಬ್ಬಾಕಿ ಕೈಲೆ ಆಗಂಗಿಲ್ಲ."

"ಬಿಡಾಕ ಬರಂಗಿಲ್ಲಂದಂಗಾತು."

"ಬರಂಗಿಲ್ಲ."

ಅವನು ತಲೆಯಾಡಿಸಿದ. ಇನ್ನು ಬೈಕಿನ ಚೀಲದಲ್ಲಿ ಇಬ್ಬರ ಅಂಗಡಿ ಹಿಡಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನ ಮಗಳು ಒಂಬತ್ತನೆಯ ಇಯತ್ತೆ ಎಂದು ಆಗ ತಿಳಿಯಿತು. ಅವ್ವನಿಗೆ ಕಣ್ಣಿನ ಆಪರೇಷನ್ ಆಗಿತ್ತು.

ಯಾದಗಿರಿಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ. ನಾನು ಏಳಲು ಹೋದೆ.

ಅವನು ಬಸ್ಸಿನ ಕಡೆ ನೋಡಿ, "ಇದು ತುಂಬ್ಯಾದಲೇ," ಎಂದ.

ನಾನೂ ನೋಡಿದೆ. ಒಳಗೆ ಅರ್ಧಕ್ಕರ್ಧ ಸೀಟು ಖಾಲಿ ಇದ್ದವು.

"ಹೌದು, ತುಂಬ್ಯಾದ," ಎಂದು ಮತ್ತೆ ಕೂತೆ.

ಅವನು ಇನ್ನೆರಡು ಚಹಾ ಹೇಳಿದ.